ಒಂದು ಹನಿ ಕೊಸರು

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದು ನಮ್ಮ ವಿಭಾಗದವರು ಹೋದ ತಿಂಗಳು ಫೋನ್ ಮಾಡಿದ್ದರು. ನಾನು ಆಗಲಿ ಎಂದೆ. ಅವರಿಗೆ ಬೇಕಾಗಿದ್ದದ್ದು ನಾಲ್ಕು ಒಳ್ಳೆಯ ಮಾತು. ಸಮಯಕ್ಕೆ ಸರಿಯಾಗಿ ಬನ್ನಿ, ಗಾಜು ಒಡೆಯಬೇಡಿ, ಹಿರಿಯರಿಗೆ ಮರ್ಯಾದೆ ಕೊಡಿ, ಇಂಥವು. ಅವನ್ನು ಯಾರು ಬೇಕಾದರೂ ಬರೆಯಬಹುದು. ನಾನು ಬರೆಯಲು ಕೂತಾಗ ಕೈ ಬೇರೆ ಕಡೆ ಹೋಯಿತು. ಇದನ್ನು ಅವರು ಅಚ್ಚು ಹಾಕಿಸುತ್ತಾರೋ ಕಪಾಟಿನಲ್ಲಿ ಇಡುತ್ತಾರೋ ಅವರಿಗೆ ಬಿಟ್ಟದ್ದು.

ನನ್ನ ಹೆಸರು ಬಸಪ್ಪ, ಊರು ಅಣ್ಣಿಗೇರಿ. ಧಾರವಾಡದಲ್ಲಿ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುವ ಒಂದು ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೀಡಿಯಾ ಮಾಡಿದವನು ನಾನು. ಮೀಡಿಯಾ ಎಂದರೆ ಟೀವಿಯವರಲ್ಲ. ಬ್ಯಾಕ್ಟೀರಿಯಾ ಬೆಳೆಯಲು ಹಾಕುವ ಊಟಕ್ಕೆ ಮೀಡಿಯಾ ಎನ್ನುತ್ತಾರೆ. ನನ್ನ ಕೋಣೆಗೆ ಹುಡುಗರು ಅಡುಗೆಮನೆ ಎಂದೇ ಕರೆಯುತ್ತಿದ್ದರು, ಅದು ಸರಿಯಾದ ಹೆಸರು. ಬೆಳಿಗ್ಗೆ ಅಣ್ಣಿಗೇರಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ಹೋಗಿ, ನೀರು ಅಳೆ, ಉಪ್ಪು ತೂಗು, ಕುದಿಸು, ಆಟೋಕ್ಲೇವಿಗೆ ಇಡು. ಆಟೋಕ್ಲೇವ್ ಎಂದರೆ ಒಂದು ದೊಡ್ಡ ಕುಕ್ಕರು, ಬೇಡದ ಜೀವಿಗಳನ್ನು ಹಬೆಯಲ್ಲಿ ಕೊಲ್ಲುವುದಕ್ಕೆ. ಸಂಜೆ ಮನೆಗೆ ಬಂದರೆ ಮೈಯೆಲ್ಲ ಕುದಿಸಿದ ಮಾಂಸದ ಸಾರಿನ ವಾಸನೆ. ಲಿಂಗಾಯತರ ಮನೆ ನಮ್ಮದು. ನನ್ನ ಹೆಂಡತಿ ಮದುವೆಯಾದ ಹೊಸತರಲ್ಲಿ ಅನುಮಾನದಿಂದ ನೋಡಿ, ಸ್ನಾನ ಮಾಡದೆ ಒಳಗೆ ಬಿಡುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದವರು ಕುಲಕರ್ಣಿ ಸರ್. ಸಣಕಲು ದೇಹ, ದೊಡ್ಡ ದನಿ. ಸೇರಿದ ಎರಡನೆಯ ವಾರದಲ್ಲೇ ನಾನು ಬಾಟಲಿಗಳ ಮುಚ್ಚಳ ಸಡಿಲ ಮಾಡದೆ ಆಟೋಕ್ಲೇವಿಗೆ ಇಟ್ಟು, ಒಳಗೆ ಹನ್ನೊಂದು ಬಾಟಲಿ ಒಡೆದವು. ಸರ್ ಬಂದು ನೋಡಿದರು. ಪಂಚೆ ಉಡುವವರ ಹಾಗೆ ಪ್ಯಾಂಟಿನ ತುದಿ ಮೇಲೆ ಮಡಿಚಿ, ನನ್ನ ಜೊತೆ ಕುಕ್ಕರಗಾಲಿನಲ್ಲಿ ಕೂತು ಗಾಜಿನ ಚೂರು ಆರಿಸಿದರು. ಆ ಕಾಲದಲ್ಲಿ ಪಿಪೆಟ್ಟನ್ನು, ಅಂದರೆ ದ್ರವ ಅಳೆಯುವ ಗಾಜಿನ ನಳಿಗೆಯನ್ನು, ಬಾಯಿಂದ ಎಳೆಯುತ್ತಿದ್ದೆವು. ಈಗಿನವರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ. ಎಷ್ಟು ಸಲ ಬ್ಯಾಕ್ಟೀರಿಯಾ ನೀರು ಬಾಯಿಗೆ ಬಂದಿತ್ತೋ ಲೆಕ್ಕವಿಲ್ಲ. ಉಗುಳಿ, ಬಾಯಿ ಮುಕ್ಕಳಿಸಿ, ಚಹಾ ಕುಡಿದು ಮತ್ತೆ ಎಳೆಯುತ್ತಿದ್ದೆವು. ಆಮೇಲೆ ರಬ್ಬರ್ ಬಲ್ಬು ಬಂತು, ಆಮೇಲೆ ಹೆಬ್ಬೆರಳಿನಿಂದ ಒತ್ತುವ ಮೈಕ್ರೋಪಿಪೆಟ್ಟು ಬಂತು. ಕಣ್ಣಿಗೆ ಕಾಣದಷ್ಟನ್ನು ಅಳೆಯುವ ಕಾಲ ಬಂತು ಎಂದು ನಾವು ಹೆಮ್ಮೆಪಟ್ಟೆವು. ಆದರೆ ಅಳೆಯುವ ಕೈ ಹಳೆಯದೇ ಇತ್ತು.

ಬ್ಯಾಕ್ಟೀರಿಯಾಗಳಿಗೆ ಎರಡು ಥರದ ಊಟ. ಒಂದು ಹಬ್ಬದ ಊಟ, ಅದರಲ್ಲಿ ಎಲ್ಲವೂ ಇರುತ್ತದೆ. ಇನ್ನೊಂದು ಬಡ ಊಟ. ನಾಲ್ಕು ಬಗೆಯ ಲವಣ, ಸ್ವಲ್ಪ ಗ್ಲೂಕೋಸು, ನೀರು, ಅಷ್ಟೇ. ಬಡ ಊಟ ಹಾಕಿದರೆ ಬ್ಯಾಕ್ಟೀರಿಯಾ ತನಗೆ ಬೇಕಾದ ಉಳಿದದ್ದನ್ನೆಲ್ಲ ತಾನೇ ಮಾಡಿಕೊಳ್ಳಬೇಕು. ಕುಲಕರ್ಣಿ ಸರ್ ಇಟ್ಟುಕೊಂಡಿದ್ದ ಬ್ಯಾಕ್ಟೀರಿಯಾ ತಳಿಗೆ ಬಿ-ಒನ್ ವಿಟಮಿನ್, ಅಂದರೆ ಥಯಾಮಿನ್, ಮಾಡಿಕೊಳ್ಳಲು ಬರುತ್ತಿರಲಿಲ್ಲ. ಅದಕ್ಕೆ ಬಡ ಊಟ ಹಾಕಿದರೆ ಬೆಳೆಯದೆ ಸತ್ತ ಹಾಗೆ ಬಿದ್ದಿರುತ್ತಿತ್ತು. ಆಗ ಸರ್ ಫ್ರಿಜ್ಜಿನಲ್ಲಿದ್ದ ಬಿ-ಒನ್ ದ್ರವದ ಒಂದು ಕಂದು ಸೀಸೆ ತೋರಿಸಿ, ಕೊನೆಗೆ ಇದರದೊಂದು ಹನಿ ಬಿಡು ಎಂದರು. ಬಿಟ್ಟೆ, ಮರುದಿನ ಚೆನ್ನಾಗಿ ಬೆಳೆಯಿತು. ಮೀಡಿಯಾದ ಅಳತೆಗಳನ್ನು ಬರೆದು ಗೋಡೆಯ ಮೇಲೆ ಅಂಟಿಸಿದ್ದ ಕಾರ್ಡಿನಲ್ಲಿ ಆ ಹನಿಯ ಮಾತಿರಲಿಲ್ಲ. ಅದು ಬಾಯಿಮಾತಿನಲ್ಲಿ ಬಂದದ್ದು, ನನ್ನ ಕೈಯಲ್ಲಿ ಉಳಿದದ್ದು.

ಆ ಹನಿ ನನ್ನ ಕೈಗೆ ಅಷ್ಟು ಸಲೀಸಾಗಿ ಹತ್ತಿದ್ದಕ್ಕೆ ಕಾರಣವಿದೆ. ಅಣ್ಣಿಗೇರಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಅಪ್ಪ ಸೇರಿನಲ್ಲಿ ಕಡಲೆಬೇಳೆ ಅಳೆದು, ಚೀಲಕ್ಕೆ ಸುರಿದು, ಮೇಲೆ ಒಂದು ಹಿಡಿ ಹಾಕುತ್ತಿದ್ದ. ಅದು ಕೊಸರು. ಅಳತೆಯ ಮೇಲೆ ಕೊಡುವುದು. ಕೊಸರು ಹಾಕದ ಕೈ ಕೈಯಲ್ಲ ಎನ್ನುತ್ತಿದ್ದ ಅಪ್ಪ. ನಾನೂ ಸಣ್ಣವನಿದ್ದಾಗ ಗಲ್ಲಾಪೆಟ್ಟಿಗೆಯ ಬಾಜು ನಿಂತು ಹಾಗೇ ಹಾಕುತ್ತಿದ್ದೆ. ಕುಲಕರ್ಣಿ ಸರ್ ನಿವೃತ್ತರಾದರು, ಅವರ ತಳಿಯೂ ಹೋಯಿತು. ಆಮೇಲೆ ಬಂದ ತಳಿಗಳು ಬಿ-ಒನ್ನನ್ನು ತಾವೇ ಮಾಡಿಕೊಳ್ಳುವಂಥವು. ನನ್ನ ಕೈ ಮಾತ್ರ ಬಡ ಊಟದ ಪ್ರತಿ ಬಾಟಲಿಗೂ ಆ ಒಂದು ಹನಿ ಬಿಡುತ್ತಲೇ ಇತ್ತು. ವರ್ಷಗಟ್ಟಲೆ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಹನಿ ಬಿಟ್ಟರೂ ಬಿಡದಿದ್ದರೂ ಒಂದೇ ಎನ್ನುವಂಥ ಕೆಲಸಗಳೇ ನಡೆಯುತ್ತಿದ್ದವು. ಬಸಣ್ಣನ ಮೀಡಿಯಾದಲ್ಲಿ ಎಲ್ಲವೂ ಬೆಳೆಯುತ್ತದೆ ಎಂದು ನನಗೆ ಹೆಸರೂ ಬಂತು.

ಕುಲಕರ್ಣಿ ಸರ್ ಜಾಗಕ್ಕೆ ಬಂದವರು ಇನಾಂದಾರ ಸರ್. ಬುದ್ಧಿವಂತರು, ಅವಸರದವರು, ಮುಂಗೋಪಿ. ಅವರು ಆರ್‌ಎನ್‌ಎ ಕೆಲಸ ತಂದರು. ನನ್ನಂಥವನಿಗೂ ಅರ್ಥವಾಗಲಿ ಎಂದು ಒಂದು ದಿನ ಚಹಾ ಕುಡಿಯುತ್ತ ಹೇಳಿದರು. ಜೀನಿನಲ್ಲಿರುವ ಆದೇಶ ಮೊದಲು ಆರ್‌ಎನ್‌ಎ ಎಂಬ ಚೀಟಿಯಾಗುತ್ತದೆ. ಆ ಚೀಟಿ ಓದಿ ಜೀವಕೋಶ ಬೇಕಾದದ್ದನ್ನು ಮಾಡುತ್ತದೆ. ಬಿ-ಒನ್ ಮಾಡುವ ಸಾಮಾನಿಗೂ ಒಂದು ಚೀಟಿ ಇದೆ. ಮನೆಯಲ್ಲಿ ಬಿ-ಒನ್ ಇದ್ದರೆ ಮತ್ತೆ ಮಾಡುವುದು ದಂಡ. ಇದೆಯೋ ಇಲ್ಲವೋ ನೋಡಿ ಹೇಳಲು ಯಾವುದಾದರೂ ಪ್ರೋಟೀನು ಕಾವಲು ಇರಲೇಬೇಕು ಎಂದು ಮೊದಲು ಎಲ್ಲರೂ ತಿಳಿದಿದ್ದರಂತೆ. ಆಮೇಲೆ ಗೊತ್ತಾಯಿತು, ಕಾವಲುಗಾರ ಯಾರೂ ಇಲ್ಲ, ಚೀಟಿಯ ತಲೆಭಾಗವೇ ಆ ಕೆಲಸ ಮಾಡುತ್ತದೆ ಎಂದು. ಆ ತಲೆಭಾಗ ಸುತ್ತಿಕೊಂಡು ಒಂದು ಗೂಡು ಮಾಡಿಕೊಂಡಿರುತ್ತದೆ. ಕೋಶದೊಳಗಿನ ಬಿ-ಒನ್ ಬಂದು ಆ ಗೂಡಿನಲ್ಲಿ ಕೂತರೆ, ಚೀಟಿ ತನ್ನನ್ನು ತಾನೇ ಮಡಚಿಕೊಳ್ಳುತ್ತದೆ. ಮಡಚಿದ ಚೀಟಿಯನ್ನು ಯಾರೂ ಓದಲಾರರು. ಬಿ-ಒನ್ ಇಲ್ಲವಾದರೆ ಚೀಟಿ ತೆರೆದಿರುತ್ತದೆ, ಕೆಲಸ ನಡೆಯುತ್ತದೆ.

ನನಗೆ ತಟ್ಟನೆ ತಿಳಿಯಿತು. ಅಂಗಡಿಗೆ ಬೆಲ್ಲ ತಾ ಎಂದು ಬರೆದ ಚೀಟಿ ತಾನೇ ಮನೆಯ ಡಬ್ಬಿ ಇಣುಕಿ ನೋಡಿ, ಬೆಲ್ಲವಿದ್ದರೆ ಕಿಸೆಯಲ್ಲೇ ಮುದುಡಿಕೊಳ್ಳುವ ಹಾಗೆ. ಸರ್ ನಕ್ಕು ಅಗದಿ ಬರೋಬ್ಬರಿ ಎಂದರು. ಬೇರೆ ಬೇರೆ ಚೀಟಿಗಳು ಬೇರೆ ಬೇರೆ ಪದಾರ್ಥಗಳನ್ನು ಹೀಗೆ ಗುರುತಿಸುತ್ತವೆ, ಎಷ್ಟು ಕಡಿಮೆ ಇದ್ದರೂ ಗುರುತಿಸುತ್ತವೆ ಎಂದರು. ಎಷ್ಟು ಕಡಿಮೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಬರಹ ಬೇರೆ ಇರುತ್ತಿತ್ತು.

ಆ ಕೆಲಸಕ್ಕೆ ಸೇರಿಕೊಂಡವಳು ಸುಜಾತಾ. ಕಲಘಟಗಿ ತಾಲೂಕಿನ ದುಮ್ಮವಾಡದ ಹುಡುಗಿ, ತಂದೆ ಒಂದು ಶಾಲೆಯಲ್ಲಿ ಜವಾನ. ಅವಳ ಓಣಿಯಿಂದ ಪಿಎಚ್‌ಡಿಗೆ ಬಂದವರು ಅವಳೊಬ್ಬಳೇ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬುದ್ಧನ ಸಣ್ಣ ಚಿತ್ರ ಅಂಟಿಸಿಕೊಂಡಿದ್ದಳು. ನನ್ನನ್ನು ಮೊದಲ ದಿನದಿಂದಲೇ ಕಾಕಾ ಎಂದು ಕರೆದಳು. ನವಲಗುಂದದ ಕಡೆಯ ಎರೆಹೊಲಕ್ಕೆ ಹೋಗಿ ಮಣ್ಣು ತಂದು, ಅದರಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಬಿ-ಒನ್ ಚೀಟಿಯ ತಲೆಭಾಗವನ್ನು ತೆಗೆದಳು. ಅದರ ಹಿಂದೆ ಬಣ್ಣ ಕೊಡುವ ಒಂದು ಜೀನನ್ನು ಜೋಡಿಸಿದಳು. ಚೀಟಿ ತೆರೆದಿದ್ದರೆ ಕೊಳವೆಯ ನೀರು ಹಳದಿ, ಮಡಚಿಕೊಂಡಿದ್ದರೆ ಬಣ್ಣವಿಲ್ಲ. ಬಿ-ಒನ್ ಇಲ್ಲದ ಬಡ ಊಟದಲ್ಲಿ ಹಳದಿ ಬರಬೇಕು, ಬಿ-ಒನ್ ಹಾಕಿದ್ದರಲ್ಲಿ ಬರಬಾರದು. ಇದಿಷ್ಟು ಆದಮೇಲೆ, ಚೀಟಿಯ ಯಾವ ಅಕ್ಷರ ತಿದ್ದಿದರೆ ಗೂಡು ಕೆಡುತ್ತದೆ ಎಂದು ನೋಡುವುದು ಅವಳ ಪ್ರಬಂಧ.

ಹಳದಿ ಬರಲಿಲ್ಲ. ಬಿ-ಒನ್ ಇದ್ದ ಕೊಳವೆಯೂ ಇಲ್ಲದ ಕೊಳವೆಯೂ ಒಂದೇ ಥರ ನೀರಿನಂತೆ ಇದ್ದವು. ಜೋಡಣೆ ತಪ್ಪಿದೆ ಎಂದುಕೊಂಡು ಮತ್ತೆ ಮಾಡಿದಳು. ಮತ್ತೂ ಮಾಡಿದಳು. ಒಂದು ವರ್ಷ ಹೋಯಿತು, ಇನ್ನೊಂದು ಅರ್ಧ ಹೋಯಿತು. ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವಳು ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿರುತ್ತಿದ್ದಳು. ಪಾಪ ಎನಿಸಿ, ಅವಳ ಬಾಟಲಿಗಳನ್ನು ಬೇರೆಯವರಿಗಿಂತ ಹೆಚ್ಚು ಕಾಳಜಿಯಿಂದ ಮಾಡುತ್ತಿದ್ದೆ. ಹೆಚ್ಚು ಕಾಳಜಿ ಎಂದರೆ ಏನು ಎಂದು ಈಗ ನೀವು ಊಹಿಸಬಹುದು. ಕೆಲವು ಸಲ ಎರಡು ಹನಿ.

ಆ ನಡುವೆ ನನ್ನ ತಂಗಿಯ ಮಗಳ ಮದುವೆ ಕುಂದಗೋಳದಲ್ಲಿತ್ತು. ನಾನು ಒಂದು ವಾರ ರಜೆ ಹಾಕಿದೆ. ಮೀಡಿಯಾ ಖಾಲಿಯಾಗಿದ್ದರಿಂದ ಸುಜಾತಾ ಕಾರ್ಡು ನೋಡಿ ತಾನೇ ಮಾಡಿಕೊಂಡಳು. ಹಳದಿ ಬಂತು. ನಾನು ಮರಳಿ ಬಂದ ದಿನ ಓಡಿ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಅರಿಶಿಣ ಕಲಸಿದ ಹಾಗೆ ಒಂದು ಸಾಲು, ಪಕ್ಕದಲ್ಲಿ ನೀರಿನ ಹಾಗೆ ಒಂದು ಸಾಲು. ನಾನು ಮದುವೆಯ ಬುಂದೇಲಾಡು ಕೊಟ್ಟು ಬಾಯಿ ಸಿಹಿ ಮಾಡಿಸಿದೆ.

ಇನಾಂದಾರ ಸರ್ ಸಂತೋಷಪಟ್ಟು, ಮೂರು ಸಲ ಮತ್ತೆ ಮಾಡಿ ತೋರಿಸು ಎಂದರು. ಅದು ಸರಿಯಾದ ಮಾತೇ. ಒಮ್ಮೆ ಬಂದದ್ದನ್ನು ಯಾರೂ ನಂಬಬಾರದು. ಆದರೆ ಅವರು ಇನ್ನೊಂದು ಮಾತು ಸೇರಿಸಿದರು, ಮೀಡಿಯಾ ಬಸಣ್ಣನದೇ ಇರಲಿ, ಅವನದು ಪಕ್ಕಾ ಇರುತ್ತದೆ ಎಂದು. ನಾನು ಉಬ್ಬಿಹೋದೆ. ಮೂರು ಸಲವೂ ಬಣ್ಣ ಬರಲಿಲ್ಲ. ಅವಳು ತನ್ನದೇ ಮೀಡಿಯಾದಲ್ಲಿ ಇನ್ನೊಮ್ಮೆ ಮಾಡುತ್ತೇನೆ ಎಂದು ಕೇಳಿಕೊಂಡಳು. ನಾನು ಅಲ್ಲೇ ಕೊಳವೆ ಜೋಡಿಸುತ್ತಿದ್ದೆ.

"ನಿನ್ನ ಒಬ್ಬಾಕಿ ಕೈಯಾಗ ಅಷ್ಟ ಬರೂದಕ್ಕ ರಿಸಲ್ಟ್ ಅನ್ನಂಗಿಲ್ಲ ಸುಜಾತಾ" ಎಂದರು ಸರ್.

ಅವಳ ನೋಟ್‌ಬುಕ್ಕಿನ ಆ ಪುಟದ ಮೇಲೆ ಕೆಂಪು ಪೆನ್ನಿನಿಂದ ಒಂದು ಗೀಟು ಎಳೆದರು. ಕೊಳವೆಯಲ್ಲಿ ಏನು ಹಾಕಿದ್ದೀ ಎಂದು ಫೋಟೋ ಹೇಳುವುದಿಲ್ಲ ಎಂದರು. ಅಂದಿನಿಂದ ಲ್ಯಾಬಿನಲ್ಲಿ ಮಾತು ಶುರುವಾಯಿತು. ಕೈ ಕೆಟ್ಟದ್ದು ಎಂದು ಕೆಲವರು, ಬೇಕಾದದ್ದನ್ನು ಬರೆದುಕೊಂಡಿದ್ದಾಳೆ ಎಂದು ಕೆಲವರು. ಇನ್ನೊಂದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಅವಳು ಬೇರೆ ಓಣಿಯವಳಾಗಿದ್ದರೆ ಆ ಮಾತು ಅಷ್ಟು ಬೇಗ ಹಬ್ಬುತ್ತಿರಲಿಲ್ಲ. ಅಂಥವರಿಗೆ ಸೀಟು ಸಿಗುತ್ತದೆ, ಕೈ ಎಲ್ಲಿಂದ ಬರಬೇಕು ಎಂದು ನನ್ನೆದುರೇ ಒಬ್ಬ ಅಂದ. ನಾನು ಸುಮ್ಮನೆ ಬಾಟಲಿ ತೊಳೆದೆ. ನನಗೂ ಒಳಗೊಳಗೆ ಹಾಗೇ ಅನಿಸಿತ್ತು, ನನ್ನ ಮೀಡಿಯಾದ ಮೇಲೆ ನನಗಿದ್ದ ನಂಬಿಕೆ ಅಷ್ಟಿತ್ತು.

ಕೆಲವು ದಿನಗಳ ಮೇಲೆ ಅವಳು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಕಾಕಾ, ತಪ್ಪು ತಿಳ್ಕೋಬ್ಯಾಡ್ರಿ. ಬಡ ಊಟದಾಗ ನೀವು ಬಿ-ಒನ್ ಏನರ ಹಾಕ್ತೀರೇನ್ರಿ?"

"ಇಲ್ಲವಾ. ಕಾರ್ಡಿನಾಗ ಇದ್ದಷ್ಟ ಹಾಕ್ತೇನಿ" ಎಂದೆ.

ಈ ಮಾತನ್ನು ನೀವು ನಂಬಬೇಕು, ಅವತ್ತು ನಾನು ಸುಳ್ಳು ಹೇಳಿರಲಿಲ್ಲ. ನನ್ನ ತಲೆಯಲ್ಲಿ ಹಾಕುವ ಸಾಮಾನಿನ ಪಟ್ಟಿ ಇತ್ತು. ಆ ಹನಿ ಪಟ್ಟಿಯಲ್ಲಿರಲಿಲ್ಲ. ನಾನು ಹನಿ ಬಿಡುವುದು ನನಗೇ ಕಾಣುತ್ತಿರಲಿಲ್ಲ. ಅವಳು ಕೇಳಿದ್ದಕ್ಕೆ ಸಿಟ್ಟೂ ಬಂದಿತ್ತು. ಇಷ್ಟು ವರ್ಷ ಯಾರೂ ಕೇಳದ್ದನ್ನು ಇವಳು ಕೇಳುವುದೇ ಎಂದುಕೊಂಡೆ. ಎರಡು ದಿನ ಅವಳು ಮಾತಾಡಿಸಿದರೂ ಹ್ಞಾಂ ಹೂಂ ಎಂದಷ್ಟೇ ಅಂದೆ.

ಅವಳ ಕೆಲಸ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಒಂದು ಬುಧವಾರ ಕಮಿಟಿ ಕೂಡುವುದೆಂದು ಗೊತ್ತಾಯಿತು. ಅದರ ಹಿಂದಿನ ರವಿವಾರ ನಾನು ಅಣ್ಣಿಗೇರಿಯ ಅಂಗಡಿಯಲ್ಲಿ ಕೂತಿದ್ದೆ. ಅಪ್ಪ ಹೋದಮೇಲೆ ಅಂಗಡಿ ನನ್ನ ತಮ್ಮ ಈರಪ್ಪ ನಡೆಸುತ್ತಾನೆ. ಈಗ ಸೇರು ಇಲ್ಲ, ಅಂಕಿ ತೋರಿಸುವ ಇಲೆಕ್ಟ್ರಾನಿಕ್ ತಕ್ಕಡಿ. ಒಬ್ಬ ಹೆಣ್ಣುಮಗಳು ತೊಗರಿಬೇಳೆ ಕೇಳಿದಳು. ಈರಪ್ಪ ತೂಗಿದ, ಅಂಕಿ ಸರಿಯಾಗಿ ಒಂದು ಕಿಲೋ ತೋರಿಸಿತು. ತಕ್ಕಡಿಯಿಂದ ಚೀಲ ಎತ್ತಿದ. ಇನ್ನೊಂದು ಕೈ ಮೂಟೆಗೆ ಹೋಗಿ, ನಾಲ್ಕು ಬೆರಳಷ್ಟು ಬೇಳೆ ತಂದು ಚೀಲದಲ್ಲಿ ಬಿಟ್ಟು ಬಂತು. ಅವನ ಕಣ್ಣು ಆಗ ರಸ್ತೆಯ ಕಡೆ ಇತ್ತು.

ಎಷ್ಟು ಹಾಕಿದೆಯೋ ಎಂದು ಕೇಳಿದೆ. ಕಾಣಂಗಿಲ್ಲೇನು, ಒಂದು ಕಿಲೋ ಎಂದ. ಮೇಲೆ ಹಾಕಿದ್ದು ಏನು ಎಂದೆ. ಅವನು ನನ್ನ ಮುಖ ನೋಡಿದ.

"ಮ್ಯಾಲೆ ಎಲ್ಲಿ ಹಾಕೇನಿ ಅಣ್ಣಾ?"

ಅವನೂ ಸುಳ್ಳು ಹೇಳುತ್ತಿರಲಿಲ್ಲ. ನನಗೆ ಫ್ರಿಜ್ಜಿನ ಕಂದು ಸೀಸೆ ನೆನಪಾಯಿತು.

ಸೋಮವಾರ ಲ್ಯಾಬಿಗೆ ಹೋಗಿ ಎರಡು ಬಾಟಲಿ ಬಡ ಊಟ ಮಾಡಿದೆ. ಒಂದಕ್ಕೆ ಎಂದಿನಂತೆ ಕಂದು ಸೀಸೆಯಿಂದ ಹನಿ ಬಿಟ್ಟೆ. ಇನ್ನೊಂದಕ್ಕೆ ಬಿಡಬಾರದೆಂದು ಎಡಗೈಯಿಂದ ಬಲಗೈ ಹಿಡಿದುಕೊಳ್ಳಬೇಕಾಯಿತು. ಇದನ್ನು ಬಣ್ಣ ಕಟ್ಟಿ ಹೇಳುತ್ತಿಲ್ಲ, ನಿಜವಾಗಿಯೂ ಹಿಡಿದುಕೊಂಡೆ. ಸುಜಾತಾಳ ತಳಿಯನ್ನು ಎರಡರಲ್ಲೂ ಬೆಳೆಸಿದೆ. ಇಷ್ಟು ವರ್ಷ ನೋಡಿ ನೋಡಿ ಅಷ್ಟು ಕೆಲಸ ನನಗೂ ಬರುತ್ತಿತ್ತು. ಮಂಗಳವಾರ ಎಲ್ಲರೂ ಬರುವ ಮೊದಲೇ ಹೋಗಿ ಬಣ್ಣದ ರಾಸಾಯನಿಕ ಹಾಕಿ ನೋಡಿದೆ. ಹನಿ ಬಿಡದ ಕೊಳವೆ ಹಳದಿಯಾಯಿತು. ಹನಿ ಬಿಟ್ಟದ್ದು ನೀರಾಗಿಯೇ ಉಳಿಯಿತು. ಅರ್ಧ ಲೀಟರಿನಲ್ಲಿ ಒಂದು ಹನಿ. ಅಷ್ಟನ್ನೂ ಆ ಚೀಟಿ ಗುರುತಿಸಿ ಮುದುಡಿಕೊಂಡಿತ್ತು. ಅವಳ ಚೀಟಿ ಮೊದಲ ದಿನದಿಂದಲೂ ಸರಿಯಾಗಿತ್ತು, ಅವಳ ಕೈಯೂ ಸರಿಯಾಗಿತ್ತು.

ಎರಡೂ ಕೊಳವೆಗಳನ್ನು ಆಟೋಕ್ಲೇವಿಗೆ ಹಾಕಿ, ಒಳಗಿನದನ್ನು ಕೊಂದು, ಸಿಂಕಿಗೆ ಸುರಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಬುಧವಾರ ಕಮಿಟಿಯಲ್ಲಿ ಮೂವರು ಕೂತಿದ್ದರು, ನಡುವೆ ಇನಾಂದಾರ ಸರ್. ಸುಜಾತಾ ಒಂದು ಕಡೆ ನಿಂತಿದ್ದಳು. ಮೀಡಿಯಾದಲ್ಲಿ ಬಿ-ಒನ್ ಇದ್ದಿರಬಹುದು ಎಂದು ಅವಳು ಅಂದಳಂತೆ. ಹಾಗಾಗಿ ನನ್ನನ್ನು ಒಳಗೆ ಕರೆಸಿದರು. ಸರ್ ಬೇಸತ್ತ ದನಿಯಲ್ಲಿ ಕೇಳಿದರು.

"ಬಸಣ್ಣ, ಮೀಡಿಯಾದಾಗ ಬಿ-ಒನ್ ಹಾಕಿದ್ದಿಯೇನು?"

ಹೇಳಬೇಕೆಂದೇ ಒಳಗೆ ಹೋಗಿದ್ದೆ. ಹೊರಗಿನಿಂದ ಬಂದಿದ್ದ ಇಬ್ಬರು ಪ್ರೊಫೆಸರರು ನನ್ನತ್ತ ನೋಡಿದರು. ಅವರಲ್ಲೊಬ್ಬರಿಗೆ ಸರ್ ಆಗಲೇ ಹೇಳಿಬಿಟ್ಟಿದ್ದರು, ಇವನು ನಮ್ಮ ಬಸಣ್ಣ, ಇವನ ಮೀಡಿಯಾ ಎಂದರೆ ಸುತ್ತಲಿನ ನಾಲ್ಕು ಲ್ಯಾಬಿನವರು ಕೇಳಿ ಒಯ್ಯುತ್ತಾರೆ ಎಂದು. ಹೌದು ಎಂದರೆ ಅವಳ ಕೊಳವೆಗಳಷ್ಟೇ ಅಲ್ಲ, ಇಷ್ಟು ವರ್ಷ ನನ್ನ ಮೀಡಿಯಾದಲ್ಲಿ ಮಾಡಿದ ಎಲ್ಲರ ಕೆಲಸದ ಮೇಲೂ ಅನುಮಾನ ಬರುತ್ತದೆ. ಇಷ್ಟೆಲ್ಲ ಯೋಚಿಸಿದೆನೋ, ಈಗ ಕೂತು ಸೇರಿಸುತ್ತಿದ್ದೇನೋ ಗೊತ್ತಿಲ್ಲ. ಬಾಯಿಂದ ಬಂದದ್ದು ಇಷ್ಟು.

"ಇಲ್ರಿ ಸರ್. ಕಾರ್ಡಿನಾಗ ಇದ್ದಷ್ಟ ಹಾಕ್ತೇನ್ರಿ."

ಅದೇ ಮಾತು, ಅದೇ ಶಬ್ದಗಳು. ಮೊದಲ ಸಲ ಅದು ಸುಳ್ಳಾಗಿರಲಿಲ್ಲ, ಈ ಸಲ ಸುಳ್ಳು. ಸುಜಾತಾ ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದಳು. ನಾನು ಹೊರಗೆ ಬಂದು ನನ್ನ ಕೋಣೆಯ ಬಾಗಿಲು ಹಾಕಿಕೊಂಡೆ.

ಯಾರೂ ಅವಳ ಮೇಲೆ ಆರೋಪ ಬರೆಯಲಿಲ್ಲ. ನಿನಗೆ ಈ ಕೆಲಸ ಒಗ್ಗುವುದಿಲ್ಲ, ಬಿಟ್ಟರೆ ನಿನಗೇ ಒಳ್ಳೆಯದು ಎಂದರಂತೆ. ಅವಳು ಬಿಡುತ್ತೇನೆಂದು ಬರೆದುಕೊಟ್ಟಳು. ಹೋಗುವ ದಿನ ತನ್ನ ಮೇಜು ಒರೆಸಿ, ಪಿಪೆಟ್ಟುಗಳನ್ನು ಸಾಲಾಗಿ ಇಟ್ಟು, ಬರ್ತೇನ್ರಿ ಕಾಕಾ ಎಂದು ಹೇಳಿ ಹೋದಳು. ನೋಟ್‌ಬುಕ್ಕು ಲ್ಯಾಬಿನ ಸ್ವತ್ತು, ಹಾಗಾಗಿ ಅದನ್ನು ಬಿಟ್ಟು ಹೋಗಬೇಕಾಯಿತು.

ಅಂದಿನಿಂದ ನಾನು ಹನಿ ಬಿಡುವುದನ್ನು ನಿಲ್ಲಿಸಿದೆ. ಕಂದು ಸೀಸೆಯನ್ನು ಫ್ರಿಜ್ಜಿನೊಳಗೇ ಹಿಂದಕ್ಕೆ ತಳ್ಳಿದೆ. ಆರು ತಿಂಗಳ ಮೇಲೆ ವಿನಾಯಕ ಎಂಬ ಹುಡುಗ ಸೇರಿ, ಸುಜಾತಾ ಮಾಡಿಟ್ಟಿದ್ದ ಅದೇ ಜೋಡಣೆಯನ್ನೇ ತೆಗೆದುಕೊಂಡು ಶುರುಮಾಡಿದ. ಮೊದಲ ಸಲವೇ ಹಳದಿ ಬಂತು. ಸರ್ ಎಲ್ಲರನ್ನೂ ಕರೆದು, ನೋಡಿ, ಕೈ ಅಂದರೆ ಇದು ಎಂದರು. ನಾನೂ ಆ ಗುಂಪಿನಲ್ಲಿ ನಿಂತು ನೋಡಿದೆ. ವಿನಾಯಕ ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ. ಅವನ ಲೇಖನ ಅಚ್ಚಾಯಿತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನನಗೆ ಕೃತಜ್ಞತೆ ಬರೆದಿದ್ದರು. ಸುಜಾತಾಳ ಹೆಸರು ಎಲ್ಲಿಯೂ ಇರಲಿಲ್ಲ. ವಿನಾಯಕ ಆ ಪುಟದ ಪ್ರತಿ ಮಾಡಿಸಿ ನನಗೆ ತಂದುಕೊಟ್ಟ, ನಾನು ಮನೆಗೆ ಒಯ್ಯಲಿಲ್ಲ.

ನಾನು ನಿವೃತ್ತನಾಗುವ ವರ್ಷ ಲ್ಯಾಬಿಗೆ ಬಣ್ಣ ಹಚ್ಚಿಸಿದರು. ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಿ ಎಂದು ಹೇಳಿದರು. ಹಗ್ಗದಿಂದ ಗಂಟು ಕಟ್ಟುವ ಕೆಲಸ ನನ್ನದೇ. ಅವಳ ನೋಟ್‌ಬುಕ್ಕು ಕೈಗೆ ಬಂತು. ಬುದ್ಧನ ಚಿತ್ರದ ಅಂಚು ಎದ್ದಿತ್ತು. ಕೆಂಪು ಗೀಟಿನ ಪುಟ ತೆಗೆದು ನೋಡಿದೆ. ಬಾಜುವಿಗೆ ನಾಲ್ಕು ಸಾಲು ಬರೆಯುವಷ್ಟು ಜಾಗವಿತ್ತು, ಕಿಸೆಯಲ್ಲಿ ಪೆನ್ನೂ ಇತ್ತು. ಬರೆಯಲಿಲ್ಲ. ಮನೆಗೆ ಒಯ್ಯೋಣ ಎಂದುಕೊಂಡೆ, ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ಅದನ್ನೂ ಗಂಟಿಗೆ ಹಾಕಿ ಕಟ್ಟಿದೆ. ರದ್ದಿಯವನು ಕೈಗಾಡಿಯಲ್ಲಿ ಒಯ್ದ.

ನಿವೃತ್ತಿಯ ನಂತರ ಮನೆಯಲ್ಲಿ ಕೂತರೆ ಇದೇ ಯೋಚನೆ. ಒಂದು ದಿನ ಧೈರ್ಯ ಮಾಡಿ ಇನಾಂದಾರ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರೂ ನಿವೃತ್ತರಾಗಿದ್ದಾರೆ. ಆತು ಬಿಡು ಬಸಣ್ಣ, ಈಗ ಅದನ್ನ ತಗದು ಯಾರಿಗೇನು ಲಾಭ ಎಂದರು. ಚಹಾ ತರಿಸಿದರು, ಮೊಣಕಾಲು ನೋವಿನ ಮಾತಾಡಿದರು. ಅವರನ್ನು ನಾನು ದೂರುವುದಿಲ್ಲ. ಅವರ ಮುಖದಲ್ಲಿ ಕಂಡ ಭಯ ನನಗೆ ಗುರುತಿನದು, ಕಮಿಟಿಯ ದಿನ ನನ್ನಲ್ಲಿ ಇದ್ದದ್ದೂ ಅದೇ.

ಅದಾದ ಮುಂದಿನ ವಾರ ಕಲಘಟಗಿ ಬಸ್ಸು ಹಿಡಿದು ದುಮ್ಮವಾಡಕ್ಕೆ ಹೋದೆ. ಸುಜಾತಾ ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ ಎಂದು ಕೇಳಿದ್ದೆ. ಶಿಕ್ಷಕರ ಕೋಣೆಯಲ್ಲಿ ಒಬ್ಬಳೇ ಕೂತು ಉತ್ತರಪತ್ರಿಕೆ ನೋಡುತ್ತಿದ್ದಳು. ನನ್ನನ್ನು ಕಂಡು ಎದ್ದು, ಕಾಕಾ, ಬರ್ರಿ ಎಂದು ಕುರ್ಚಿ ಎಳೆದಳು. ಕೂಡಲು ಆಗದೆ ನಿಂತುಕೊಂಡೇ ಎಲ್ಲ ಹೇಳಿದೆ. ಕುಲಕರ್ಣಿ ಸರ್ ಹನಿಯಿಂದ ಹಿಡಿದು, ಈರಪ್ಪನ ಬೇಳೆ, ಮಂಗಳವಾರದ ಹಳದಿ ಕೊಳವೆ, ರದ್ದಿಯ ಗಂಟು, ಯಾವುದನ್ನೂ ಬಿಡಲಿಲ್ಲ. ಅವಳು ಪೆನ್ನಿನ ಟೊಪ್ಪಿಗೆ ಹಾಕಿ ಕೇಳುತ್ತ ಕೂತಳು.

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆ ನಾನು ತಯಾರಾಗಿದ್ದೆ. ಅವಳು ತನ್ನ ಎರಡೂ ಅಂಗೈ ಮೇಜಿನ ಮೇಲೆ ಇಟ್ಟು ನೋಡಿಕೊಂಡಳು.

"ನನ್ನ ಕೈಯ ಕೆಟ್ಟೈತಿ ಅಂತ ನಾನೂ ನಂಬಿದ್ದೆನ್ರಿ. ಹುಡುಗ್ರಿಗೆ ಪ್ರಯೋಗ ತೋರಿಸೂ ಮುಂದ ನಾ ಕೈ ಹಚ್ಚಂಗಿಲ್ಲ. ಅವ್ರ ಕೈಲೇ ಮಾಡಸ್ತೇನಿ, ನಾ ದೂರ ನಿಂತು ಹೇಳ್ತೇನಿ."

ಎಲ್ಲಿಗೆ ಬೇಕಾದರೂ ಬಂದು ಹೇಳುತ್ತೇನೆ, ವಿಭಾಗಕ್ಕೆ ಬರೆದುಕೊಡುತ್ತೇನೆ ಎಂದೆ. ನೀವು ಓದುತ್ತಿರುವುದು ಆ ಬರೆದುಕೊಟ್ಟದ್ದೇ. ಅವಳು ಉತ್ತರಪತ್ರಿಕೆಗಳನ್ನು ಒಟ್ಟುಮಾಡಿ ಬದಿಗಿಟ್ಟು ಕೇಳಿದಳು.

"ಅವತ್ತ ಹೌದು ಅಂದಿದ್ರ ನಿಮಗ ಏನ್ ಮಾಡ್ತಿದ್ರು?"

ಆಶ್ಚರ್ಯವೆಂದರೆ, ಇಷ್ಟು ವರ್ಷ ಯೋಚಿಸಿದ ನಾನು ಇದೊಂದನ್ನು ಯೋಚಿಸಿರಲಿಲ್ಲ. ನಿಂತಲ್ಲೇ ಯೋಚಿಸಿದೆ. ನನ್ನದು ಕಾಯಂ ನೌಕರಿ. ತೆಗೆಯುತ್ತಿರಲಿಲ್ಲ. ಬೇರೆ ಕಡೆ ಹಾಕುತ್ತಿರಲಿಲ್ಲ, ನನ್ನ ಜಾಗಕ್ಕೆ ತರಲು ಬೇರೆ ಮೀಡಿಯಾದವನೇ ಇರಲಿಲ್ಲ. ಕಾರ್ಡಿನ ಕೆಳಗೆ ಒಂದು ಸಾಲು ಸೇರಿಸುತ್ತಿದ್ದರು.

"ಏನೂ ಮಾಡ್ತಿದ್ದಿಲ್ಲವಾ" ಎಂದೆ. "ಬೈತಿದ್ರು."

"ಬೈತಿದ್ರು" ಎಂದಳು ಅವಳು.

ಆಗ ಗಂಟೆ ಹೊಡೆಯಿತು. ಅವಳು ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ತರಗತಿಗೆ ಹೋದಳು. ನನಗೆ ಕೂಡ್ರಿ ಎಂದೂ ಹೇಳಲಿಲ್ಲ, ಹೋಗಿಬರ್ರಿ ಎಂದೂ ಹೇಳಲಿಲ್ಲ.